ಬದಿಯಡ್ಕದಲ್ಲಿ ಸಿನೆಮಾ ಮಾತುಕತೆ ನಡೆಸಿದ್ದು ಹೇಗೆ: ನನ್ನ ಅನುಭವ

"ಮಾರಾಯಾ, ಇಲ್ಲಿ ಎಲ್ಲರೂ ನೋಡುವುದು ಮಲಯಾಳ ಪಿಕ್ಚರ್. ನೀನು ಇಂಗ್ಲಿಷ್ ಕಾದಂಬರಿ ಹಿಡ್ಕೊಂಡು ಕನ್ನಡದಲ್ಲಿ ಮಾತಾಡುವ ಅಂದ್ರೆ ಯಾರು ಬರ್ತಾರೆ?" ಅಂತ ಅಡಿಕೆ ವ್ಯಾಪಾರದ ನನ್ನ ಗೆಳೆಯ ಕೇಳಿದ್ದ. ಈಗ ಎಲ್ಲರಿಗಿಂತ ಮೊದಲು ಬಂದು ಚಾಪೆ ಹಾಸುವವನು ಅವನೇ. ಪುಸ್ತಕ, ಸಿನೆಮಾಗಳ ಬಗ್ಗೆ ಮಾತಾಡಲು ತಿಂಗಳಿಗೊಮ್ಮೆ ಹತ್ತು ಹದಿನೈದು ಜನ ಸೇರುತ್ತೇವೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ನೀರ್ಚಾಲು, ಪೆರ್ಲದವರು. ಮನೆಯಲ್ಲಿ ತುಳು, ಮಲಯಾಳ, ಹವ್ಯಕ, ಕೊಂಕಣಿ ಏನೇ ಇರಲಿ, ಇಲ್ಲಿ ಮಾತು ಕನ್ನಡದಲ್ಲೇ.

ಶುರುವಿನ ಕೂಟಗಳು ಪೂರ್ತಿ ಬಿದ್ದುಹೋದವು. ಆರಿಸಿದ್ದು ಅರ್ನೆಸ್ಟ್ ಕ್ಲೈನ್ ಬರೆದ 'ರೆಡಿ ಪ್ಲೇಯರ್ ವನ್'. ಕಾದಂಬರಿ 2011ರದ್ದು, ಸ್ಪೀಲ್‌ಬರ್ಗ್ ಸಿನೆಮಾ 2018ರದ್ದು. ನಾಲ್ಕೈದು ಪ್ರತಿ ತರಿಸಿ ಹಂಚಿದೆ, ಸುಮಾರು ಎರಡು ಸಾವಿರ ಹೋಯಿತು. ಹೆಚ್ಚಿನವು ಹೋದ ಹಾಗೇ ವಾಪಸ್ ಬಂದವು. ಸಿನೆಮಾ ಎರಡು ಗಂಟೆ ಇಪ್ಪತ್ತು ನಿಮಿಷ. ಮುಗಿದಾಗ ರಾತ್ರಿ ಹತ್ತು ದಾಟಿತ್ತು. "ಲಾಯ್ಕುಂಟು" ಅಂತ ಹೇಳಿ ಎಲ್ಲರೂ ಬೈಕ್ ಹತ್ತಿದರು. ಆಮೇಲಿನ ಕೂಟ ಮಳೆಗಾಲದಲ್ಲಿ. ಕರೆಂಟ್ ಹೋಯಿತು, ಇನ್ವರ್ಟರ್ ಪ್ರೊಜೆಕ್ಟರನ್ನು ಅರ್ಧ ಗಂಟೆಯೂ ಎಳೆಯಲಿಲ್ಲ. ಇದರ ನಂತರ ಬಂದವರು ಮೂರೋ ನಾಲ್ಕೋ ಜನ.

ಆಗ ದಾರಿ ಬದಲಿಸಿದೆ. ಇಡೀ ಪುಸ್ತಕ ಬೇಡ, ಇಡೀ ಸಿನೆಮಾವೂ ಬೇಡ, ಪುಸ್ತಕದಿಂದ ಪರದೆಗೆ ಬರುವಾಗ ಬದಲಾದ ಒಂದೇ ಒಂದು ಜಾಗ ಸಾಕು. ಕ್ಲೈನ್ ಪುಸ್ತಕದಲ್ಲಿ ಕಂಪ್ಯೂಟರ್ ಲೋಕವೊಂದರಲ್ಲಿ ಕೀಲಿಗಳನ್ನು ಹುಡುಕುವ ಸ್ಪರ್ಧೆ ಉಂಟು, ಅದರ ಮೊದಲ ಕೀಲಿಗಾಗಿ ಹುಡುಗ ಒಂದು ಗೋರಿಯೊಳಗೆ ಹೋಗುತ್ತಾನೆ. ಅಲ್ಲಿ ಸತ್ತ ಮಾಂತ್ರಿಕನೊಬ್ಬನ ಎದುರು ಕೂತು 'ಜೌಸ್ಟ್' ಎಂಬ ಹಳೇ ಆರ್ಕೇಡ್ ಆಟ ಆಡುತ್ತಾನೆ. ಸಿನೆಮಾದಲ್ಲಿ ಅದರ ಜಾಗಕ್ಕೆ ಕಾರ್ ರೇಸ್ ಬಂದಿದೆ, ಕಿಂಗ್‌ಕಾಂಗ್ ಸಮೇತ. ಪುಸ್ತಕದ ಆ ಭಾಗವನ್ನು ನಾನೇ ಕನ್ನಡದಲ್ಲಿ ಹೇಳಿದೆ, ಇಪ್ಪತ್ತು ನಿಮಿಷ. ಆಮೇಲೆ ರೇಸ್ ಮಾತ್ರ ತೋರಿಸಿ ಲೈಟ್ ಹಾಕಿದೆ. ಜಗಳ ಶುರುವಾಯಿತು ನೋಡಿ! ಬಟನ್ ಒತ್ತಿ ಆಡುವುದನ್ನು ಪರದೆಯ ಮೇಲೆ ಯಾರು ನೋಡ್ತಾರೆ ಅಂತ ಒಂದು ಪಕ್ಷ. ಆ ಆಟವನ್ನು ಸಾವಿರ ಸಲ ಆಡಿದವನಿಗೆ ಮಾತ್ರ ಗೆಲುವು ಅನ್ನುವುದೇ ಕತೆಯ ಜೀವ, ಅದನ್ನೇ ತೆಗೆದರೆ ಏನು ಉಳಿಯಿತು ಅಂತ ಇನ್ನೊಂದು. ನಾನು ಎರಡನೇ ಪಕ್ಷ, ಈಗಲೂ.

ಪುಸ್ತಕದ ತುಂಬ ಇರುವ ಅಮೆರಿಕದ ಎಂಬತ್ತರ ದಶಕದ ನೆನಪು ನಮಗೆ ಎಲ್ಲಿಂದ ಬರಬೇಕು ಅಂತ ಒಬ್ಬರು ಮೇಷ್ಟ್ರು ಕೇಳಿದರು. ಸರಿಯಾದ ಪ್ರಶ್ನೆ. ಹಾಗಾಗಿ ಮುಂದಿನ ಸಲ ಪ್ರತಿಯೊಬ್ಬರೂ ತಮ್ಮ ಒಂದು ಹುಚ್ಚಿನ ಬಗ್ಗೆ ಐದು ನಿಮಿಷ ಹೇಳಬೇಕು ಅಂತ ಇಟ್ಟೆ. ಗಲ್ಫಿನಿಂದ ಮಾವ ತಂದ ಟೇಪ್‌ರೆಕಾರ್ಡರ್, ಕನ್ನಡದಲ್ಲಿ ಬರುತ್ತಿದ್ದ ಇಂದ್ರಜಾಲ ಕಾಮಿಕ್ಸ್, ಟಿವಿಗೆ ಸಿಕ್ಕಿಸುವ ಮಾರಿಯೋ ಕ್ಯಾಸೆಟ್. ಅವತ್ತು ಸಿನೆಮಾ ಹಾಕಲೇ ಇಲ್ಲ, ಯಾರೂ ಕೇಳಲೂ ಇಲ್ಲ.

ಹಾಡುಗಾರರ ಜೀವನದ ಸಿನೆಮಾಗಳಿಗೆ ಬೇರೆ ಕ್ರಮ. ಮೊದಲು ಕಿವಿ, ಆಮೇಲೆ ಕಣ್ಣು. ಕ್ವೀನ್ ಎಂಬ ರಾಕ್ ತಂಡದ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿಯ ಕತೆ 'ಬೊಹೀಮಿಯನ್ ರಾಪ್ಸೊಡಿ' ಎತ್ತಿಕೊಂಡಾಗ, 1985ರ ಜುಲೈ 13ರ ಲೈವ್ ಏಡ್ ಎಂಬ ಸಹಾಯಾರ್ಥ ಸಂಗೀತ ಕಾರ್ಯಕ್ರಮದಲ್ಲಿ ತಂಡ ಹಾಡಿದ ಹಾಡುಗಳನ್ನು ಕತ್ತಲಲ್ಲಿ ಬರೀ ಕೇಳಿಸಿದೆ. ಆಮೇಲೆ ಅದೇ ಸಿನೆಮಾ ದೃಶ್ಯ. ಧ್ವನಿ ಫ್ರೆಡ್ಡಿ ಮರ್ಕ್ಯುರಿಯದ್ದೇ ಅಂತ ಎಲ್ಲರಿಗೂ ಥಟ್ಟನೆ ಗೊತ್ತಾಯಿತು. ಅದೇ ದಿನ ಗಾಯಕ ಎಲ್ಟನ್ ಜಾನ್ ಜೀವನದ ಸಿನೆಮಾ 'ರಾಕೆಟ್‌ಮ್ಯಾನ್'ನ ಒಂದು ಹಾಡು ಹಾಕಿದೆ. ಅಲ್ಲಿ ನಟ ಟ್ಯಾರನ್ ಎಗರ್ಟನ್ ಸ್ವತಃ ಹಾಡಿದ್ದು. ಯಾವುದು ಹೆಚ್ಚು ಪ್ರಾಮಾಣಿಕ ಅಂತ ಒಂದು ಗಂಟೆ ಚರ್ಚೆ. ಮಹಾರಾಷ್ಟ್ರದ ಪಂಚಗಣಿಯ ಶಾಲೆಯಲ್ಲಿ ಓದಿದ ಹುಡುಗ ಅಂತ ಗೊತ್ತಾದ ಮೇಲಂತೂ ಫ್ರೆಡ್ಡಿ ನಮ್ಮವನೇ ಆಗಿಬಿಟ್ಟ.

ಸಿಟ್ಟು ಬಂದದ್ದು ಇತಿಹಾಸ ತಿರುಚಿದ್ದಕ್ಕೆ. ತಂಡ ಒಡೆದು, ಲೈವ್ ಏಡ್‌ಗೆ ಮತ್ತೆ ಒಂದಾಯಿತು ಅಂತ ಸಿನೆಮಾ ಹೇಳುತ್ತದೆ. ಕ್ವೀನ್ ಆ ವರ್ಷದ ಮೇ ತಿಂಗಳವರೆಗೂ ಊರೂರು ಸುತ್ತಿ ಹಾಡುತ್ತಿತ್ತು. ಫ್ರೆಡ್ಡಿಗೆ ತನ್ನ ಎಚ್‌ಐವಿ ವಿಷಯ ತಿಳಿದದ್ದು 1987ರಲ್ಲಿ ಅಂತ ಸಂಗಾತಿ ಜಿಮ್ ಹಟನ್ ಬರೆದಿದ್ದಾರೆ. ಸಿನೆಮಾ ಅದನ್ನು ಲೈವ್ ಏಡ್‌ಗಿಂತ ಮುಂಚೆ ತಂದು ಕೂರಿಸಿದೆ. ಒಬ್ಬ ಮನುಷ್ಯನ ಕಾಯಿಲೆಯನ್ನು ಕ್ಲೈಮ್ಯಾಕ್ಸಿಗೆ ಬೇಕಾದ ಹಾಗೆ ಸರಿಸಬಹುದಾ? ನನ್ನ ಮಟ್ಟಿಗೆ ಖಂಡಿತ ಇಲ್ಲ.

ಸುಮ್ನೆ ಒಂದು ಪ್ರಯೋಗವನ್ನೂ ಮಾಡಿದೆವು. ಅದೇ ಸಿನೆಮಾದಲ್ಲಿ ತಂಡದವರು ಮ್ಯಾನೇಜರ್ ಜೊತೆ ಹೊರಗೆ ಮೇಜಿಗೆ ಕೂತು ಮಾತಾಡುವ ದೃಶ್ಯ ಉಂಟಲ್ಲ, ಅಲ್ಲಿ ಶಾಟ್ ಬದಲಾದಾಗಲೆಲ್ಲ ಎಲ್ಲರೂ ಬೆಂಚಿಗೆ ತಟ್ಟಬೇಕು. ಮದ್ದಳೆ ಬಾರಿಸಿದ ಹಾಗೆ ಆಯಿತು. ಇದಕ್ಕೆ ಎಡಿಟಿಂಗ್ ಆಸ್ಕರ್ ಬಂದದ್ದು ಅಂದಾಗ ಯಕ್ಷಗಾನದ ಭಾಗವತಿಕೆ ಮಾಡುವ ಅಣ್ಣ ನಂಬಲೇ ಇಲ್ಲ.

ಅವರಿಗಾಗಿಯೇ 'ಹಂಸಗೀತೆ' ಇಟ್ಟೆ. ತ.ರಾ.ಸು. ಕಾದಂಬರಿ, ಜಿ.ವಿ. ಅಯ್ಯರ್ 1975ರ ಸಿನೆಮಾ, ಅನಂತನಾಗ್. ಬಾಲಮುರಳಿಕೃಷ್ಣ ಇದರ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದರು. ಸಂಗೀತಗಾರನ ಕತೆಯನ್ನು ಇಷ್ಟು ತಾಳ್ಮೆಯಿಂದ ಹೇಳಿದ್ದು ಹಾಲಿವುಡ್ಡಿನ ಆ ಎರಡರಲ್ಲೂ ಇಲ್ಲ ಅಂತ ಅಣ್ಣನ ತೀರ್ಪು. ನನ್ನದೂ ಅದೇ.

ಖರ್ಚು ಹೇಳುವುದಾದರೆ, ಸೆಕೆಂಡ್‌ಹ್ಯಾಂಡ್ ಪ್ರೊಜೆಕ್ಟರ್ ಹದಿನೈದು ಸಾವಿರದ ಆಸುಪಾಸು, ಸ್ಪೀಕರಿಗೆ ಆರೇಳು ಸಾವಿರ. ಪ್ರೊಜೆಕ್ಟರಿಗಿಂತ ಸ್ಪೀಕರಿಗೆ ಜಾಸ್ತಿ ಹಾಕಬೇಕಿತ್ತು ಅಂತ ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ, ಸ್ಪೀಕರನ್ನು ಎಲ್ಲಿ ಇಡುತ್ತೀರಿ ಅನ್ನುವುದೇ ಮುಖ್ಯ. ಎಲ್ಲಿ ಅಂತ ಬರೆಯುವುದಿಲ್ಲ, ಬಂದು ನೋಡಿ. ಲೈಟ್ ಹಾಕಿದ ಕೂಡಲೇ ನಾನು ಕೇಳುವ ಮೊದಲ ಪ್ರಶ್ನೆಯನ್ನೂ ಹೇಳುವುದಿಲ್ಲ. ಚಹಾ, ಗೋಳಿಬಜೆಗೆ ತಲೆಗೆ ಐವತ್ತು ರೂಪಾಯಿ, ಅದರಲ್ಲೇ ಸ್ವಲ್ಪ ಉಳಿಯುತ್ತದೆ. ಆ ದುಡ್ಡು ಈಗ ಅ.ನ.ಕೃ. 'ಸಂಧ್ಯಾರಾಗ'ದ ಪ್ರತಿಗಳಿಗೆ ಹೋಗಿದೆ. ಮುಂದಿನ ತಿಂಗಳು ಆ ಕಾದಂಬರಿಯ ಸಿನೆಮಾದಲ್ಲಿರುವ ಭೀಮಸೇನ ಜೋಶಿಯವರ ಹಾಡಿನಿಂದ ಶುರು.