‘ಒಳ್ಳೆಯ ಗೆಳೆಯ ಇದ್ದಾನೆ’ ಅಂತ ಟಿಕ್ ಹಾಕಿದ ಹುಡುಗ

ಖಿನ್ನತೆ, ಆತಂಕ ಇರುವ ಹದಿಹರೆಯದವರಿಗೆ ಗೆಳೆತನದಲ್ಲಿ ಎಲ್ಲಿ ಕಷ್ಟವಾಗುತ್ತದೆ ಅಂತ ತಿಳಿಯಲು ಹೊರಟಾಗ ನಾನು ಮೊದಲು ಹಿಡಿದದ್ದು ಎಸ್‌ಡಿಕ್ಯೂ. ‘ಸ್ಟ್ರೆಂತ್ಸ್ ಅಂಡ್ ಡಿಫಿಕಲ್ಟೀಸ್ ಕ್ವೆಶ್ಚನೇರ್’, ಅಂದರೆ ಮಕ್ಕಳ ಬಲ, ತೊಂದರೆಗಳನ್ನು ಅಳೆಯಲು ಮನೋವೈದ್ಯ ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ, 25 ಸಾಲುಗಳ ಪ್ರಶ್ನಾವಳಿ. ಅದರಲ್ಲಿ 5 ಸಾಲು ಓರಗೆಯವರ ಜೊತೆಗಿನ ತೊಂದರೆಗೇ ಮೀಸಲು. ಬೇಗ ಮುಗಿಯುತ್ತದೆ, ಅಂಕ ಕೈಗೆ ಬರುತ್ತದೆ.

16ರ ಹುಡುಗನೊಬ್ಬ ಒಳ್ಳೆಯ ಗೆಳೆಯ ಇದ್ದಾನೆ ಎಂಬ ಸಾಲಿಗೆ ‘ಖಂಡಿತ ನಿಜ’ ಅಂತ ಟಿಕ್ ಹಾಕಿದ. ಆ ಸಾಲಿನ ಮಟ್ಟಿಗೆ ತೊಂದರೆ ಸೊನ್ನೆ. ಆಮೇಲೆ ಮಾತಿಗೆ ಕೂತಾಗ ಸುಮ್ನೆ ಕೇಳಿದೆ, ಅವನ ಜೊತೆ ಕೊನೆಯ ಸಲ ಮಾತಾಡಿದ್ದು ಯಾವಾಗ? ಫೋನ್ ತೆಗೆದು ತೋರಿಸಿದ. ಏಳು ತಿಂಗಳ ಹಿಂದೆ ಗೆಳೆಯ ಕಳಿಸಿದ್ದ ‘ಎಲ್ಲಿದ್ದೀಯೋ?’, ಅದರ ಕೆಳಗೆ ಇವನು ಟೈಪ್ ಮಾಡಿ ಕಳಿಸದೇ ಬಿಟ್ಟ ಅರ್ಧ ಸಾಲು. “ಈಗ ಉತ್ತರ ಕೊಟ್ರೆ ಇಷ್ಟು ದಿನ ಏನ್ ಮಾಡ್ತಿದ್ದೆ ಅಂತಾನೆ ಅಲ್ವಾ ಸರ್?” ಅಂದ.

ಅವನು ಸುಳ್ಳು ಟಿಕ್ ಹಾಕಿರಲಿಲ್ಲ. ಗೆಳೆಯ ಇದ್ದಾನೆ, ಮಾತು ನಿಂತಿದೆ, ಅಷ್ಟೇ. ಪ್ರಶ್ನಾವಳಿ ಕೈಬಿಡಲಿಲ್ಲ, ಆದರೆ ಅದರ ಜೊತೆಗೆ ‘ಕೊನೆಯ ಸಲ’ದ ಪ್ರಶ್ನೆಯನ್ನು ಎಲ್ಲರಿಗೂ ಕೇಳತೊಡಗಿದೆ.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ಇಂಥ ಸಂಶೋಧನೆಯಲ್ಲಿ 18 ತುಂಬದವರಿಗೆ ಹೆತ್ತವರ ಒಪ್ಪಿಗೆ ಬೇಕು, ಮಗುವಿನದೂ ಬೇಕು. ಹಾಗಂತ ಸಹಿ ಹಾಕಿದ ಅಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡರೆ ಉತ್ತರವೆಲ್ಲ ಅಮ್ಮನದೇ ಆಗುತ್ತದೆ. ಮೊದಲ ಕೆಲವು ಸಂದರ್ಶನ ಹೀಗೇ ಹಾಳಾದವು. ಆಮೇಲೆ ಮಕ್ಕಳನ್ನು ಒಬ್ಬೊಬ್ಬರನ್ನೇ ಕೂರಿಸಿ, ಜೀವಕ್ಕೆ ಅಪಾಯ ಅನ್ನಿಸುವ ಮಾತು ಬಂದರೆ ಮಾತ್ರ ಗುಟ್ಟು ಕಾಯಲಾರೆ ಅಂತ ಮೊದಲೇ ಹೇಳುತ್ತಿದ್ದೆ. ಒಮ್ಮೆ ಅಂಥ ಮಾತು ಬಂತು. ರೆಕಾರ್ಡರ್ ಆಫ್ ಮಾಡಿ, ಅವತ್ತಿನ ಸಂಶೋಧನೆ ಅಲ್ಲಿಗೇ ಬಿಟ್ಟೆ.

ಕಾಯಿಲೆ ಮೊದಲೋ ಒಂಟಿತನ ಮೊದಲೋ? ಕಾಗದದ ಮೇಲೆ ಉದ್ದ ಗೆರೆ ಎಳೆದು ನಿದ್ದೆ, ಶಾಲೆ, ಮಾತ್ರೆ, ಗೆಳೆಯರು ಎಲ್ಲವನ್ನೂ ತಿಂಗಳವಾರು ಅವರಿಂದಲೇ ಬರೆಸಿದೆ. ಎಷ್ಟೋ ಜನರಿಗೆ ನಿದ್ದೆ ಕೆಟ್ಟು, ಶಾಲೆ ತಪ್ಪಿ, ಗುಂಪು ಕೈಬಿಟ್ಟು, ಅದರಿಂದ ಮನಸ್ಸು ಇನ್ನೂ ಕುಸಿದಿತ್ತು. ಆದರೆ ಮನಸ್ಸು ಕುಗ್ಗಿದಾಗ ಹಳೆಯದೂ ಕಪ್ಪಾಗಿಯೇ ಕಾಣುತ್ತದೆ, ಹಾಗಾಗಿ ನೆನಪೊಂದನ್ನೇ ನಂಬದೆ ವರ್ಷದಲ್ಲಿ ಮೂರು ಸಲ ಅದೇ ಪ್ರಶ್ನೆಗಳನ್ನು ಕೇಳಬೇಕಾಯಿತು.

ಮೂರನೇ ಸಲಕ್ಕೆ ತುಂಬಾ ಜನ ಬರಲೇ ಇಲ್ಲ. ಜನರಿಂದ ಜಾಸ್ತಿ ದೂರ ಸರಿದವರೇ ಹೀಗೆ ಕೈತಪ್ಪಿದರೆ ಉಳಿದವರ ಅಂಕ ಸುಮ್ನೆ ಚೆನ್ನಾಗಿ ಕಾಣುತ್ತದೆ. ಆ ಹುಡುಗನೂ ಬಂದಿರಲಿಲ್ಲ. ನನ್ನ ಮೆಸೇಜಿಗೆ ನೀಲಿ ಟಿಕ್ ಬಿತ್ತು, ಉತ್ತರವಿಲ್ಲ. ‘ದಯವಿಟ್ಟು ತಪ್ಪದೇ ಬನ್ನಿ’ ಅಂತ ಕಳಿಸಿದ್ದೆ. ಎರಡು ವಾರ ಬಿಟ್ಟು ‘ತಡ ಆದ್ರೂ ಪರವಾಗಿಲ್ಲ, ಯಾಕೆ ಅಂತ ಕೇಳಲ್ಲ’ ಅಂತ ಬರೆದೆ.

“ಗುರುವಾರ ಬರ್ಲಾ ಸರ್?” ಅಂತ ಮರುದಿನ ಬಂತು.