ಮಗುವಿನ ರಕ್ಷಣೆಯ ತೀರ್ಮಾನದಲ್ಲಿ ಮನೆಯವರನ್ನು ಸೇರಿಸಿಕೊಳ್ಳುವ ಬಗೆ

ಮನೆಯಲ್ಲಿ ಮಗುವಿಗೆ ಹೊಡೆತ ಬೀಳುತ್ತಿದೆ ಅಥವಾ ಅದರ ಊಟ, ಓದು, ಆರೋಗ್ಯವನ್ನು ಯಾರೂ ಗಮನಿಸುತ್ತಿಲ್ಲ ಎಂಬ ದೂರು ಬಂದಾಗ, ಅದು ಮನೆಯವರನ್ನು ಕೂರಿಸಿ ಮಾತನಾಡಬಹುದಾದ ವಿಷಯವೇ ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಬೇಕು. ಲೈಂಗಿಕ ದೌರ್ಜನ್ಯದ ಶಂಕೆಯಿದ್ದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಅಲ್ಲಿ ಊರ ಹಿರಿಯರ ರಾಜಿಗೆ ಜಾಗವೇ ಇಲ್ಲ. ತಕ್ಷಣದ ಅಪಾಯವಿದ್ದರೆ ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಬೇಕು.

ಉಳಿದ ಪ್ರಕರಣಗಳಲ್ಲಿ ಮನೆಯವರ ಪಾತ್ರ ದೊಡ್ಡದು. ಪಾಲನೆಯ ಮೊದಲ ಹೊಣೆ ಕುಟುಂಬದ್ದು, ಮಕ್ಕಳ ಪಾಲನಾ ಸಂಸ್ಥೆ ಕೊನೆಯ ಉಪಾಯ ಎಂಬುದು 2015ರ ಬಾಲನ್ಯಾಯ ಕಾಯ್ದೆಯ ತತ್ವ. ರಕ್ಷಣೆ ಬೇಕಾದ ಮಕ್ಕಳ ಬಗ್ಗೆ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ನಡೆಯುವ ಸಾಮಾಜಿಕ ತನಿಖೆಗೆ, ಅಂದರೆ ಮಗುವಿನ ಮನೆಯ ಪರಿಸ್ಥಿತಿಯ ವಿಚಾರಣೆಗೆ, 15 ದಿನಗಳ ಕಾಲಾವಕಾಶವಿದ್ದು, ಮನೆಯವರ ಸಭೆಯನ್ನು ಆ ಅವಧಿಯೊಳಗೇ ನಡೆಸಿದರೆ ಮನೆಯವರ ಮಾತು ವರದಿಯಲ್ಲಿ ಸೇರುತ್ತದೆ. ತೀರ್ಮಾನವಾದ ಮೇಲೆ ಕರೆದು ಸಹಿ ಹಾಕಿಸಿಕೊಳ್ಳುವುದನ್ನು ಸಮಾಲೋಚನೆ ಎನ್ನಲಾಗದು. ಅಪ್ಪ ಅಮ್ಮನನ್ನಷ್ಟೇ ಕರೆದರೆ ಸಾಲದು. ಹೆದರಿಕೆಯಾದಾಗ ಯಾರ ಮನೆಗೆ ಓಡುತ್ತೀಯೆಂದು ಮಗುವನ್ನೇ ಕೇಳಿದರೆ, ಅಜ್ಜಿಯೋ ಸೋದರಮಾವನೋ ಪಕ್ಕದ ಮನೆಯವರೋ, ಕರೆಯಬೇಕಾದವರು ಯಾರೆಂಬುದು ಗೊತ್ತಾಗುತ್ತದೆ.

ಮಲೆನಾಡಿನಲ್ಲಿ ಸ್ಥಳ ಮತ್ತು ಹೊತ್ತನ್ನು ಆರಿಸುವುದೇ ಅರ್ಧ ಕೆಲಸ. ತೀರ್ಥಹಳ್ಳಿ, ಹೊಸನಗರದ ಕಡೆ ಮನೆಗಳು ಗುಡ್ಡಕ್ಕೊಂದರಂತೆ ಚದುರಿರುತ್ತವೆ. ಅಡಿಕೆ ಗೊನೆ ಕೊಯ್ಲಿನ ದಿನಗಳಲ್ಲಿ ಹಗಲೆಲ್ಲ ತೋಟ, ರಾತ್ರಿ ಅಡಿಕೆ ಸುಲಿತ. ಕೂಲಿ ಮಾಡುವ ಕುಟುಂಬವನ್ನು ತೋಟದ ಒಡೆಯರ ಜಗಲಿಗೆ ಕರೆಸಿದರೆ, ಒಡೆಯರು ಎಷ್ಟೇ ಒಳ್ಳೆಯವರಾಗಿದ್ದರೂ, ಅಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಮಕ್ಕಳು ಮನೆಗೆ ಹೋದ ಮೇಲಿನ ಅಂಗನವಾಡಿ ವಾಸಿ. ಕೊನೆಯ ಬಸ್ಸಿನ ಹೊತ್ತಿಗೆ ಮುಂಚೆ ಮುಗಿಸಬೇಕು. ಗಂಡ ಅಥವಾ ಅತ್ತೆ ಮಾವನ ಎದುರು ಮಾತನಾಡದ ತಾಯಿಯನ್ನು ಹಿಂದಿನ ದಿನವೇ ಪ್ರತ್ಯೇಕವಾಗಿ ಕಂಡಿರಬೇಕು.

ಸಭೆಯಲ್ಲಿ ಆರೋಪದ ಭಾಷೆ ಬೇಡ. “ನೀವು ಮಗುವನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ” ಎನ್ನುವ ಬದಲು “ಮಗು ಎರಡು ವಾರದಿಂದ ಶಾಲೆಗೆ ಬಂದಿಲ್ಲ, ಬೆನ್ನ ಮೇಲೆ ಬಾಸುಂಡೆಯಿದೆ” ಎಂದು ಕಂಡದ್ದನ್ನಷ್ಟೇ ಹೇಳಿ, ಯಾವುದರಲ್ಲಿ ರಾಜಿಯಿಲ್ಲ ಎಂಬುದನ್ನೂ ಸ್ಪಷ್ಟಪಡಿಸಿ, ನಂತರ ಅಧಿಕಾರಿಗಳು ಹೊರಗೆ ಹೋಗಿ ಮನೆಯವರೇ ಮಾತನಾಡಿಕೊಳ್ಳಲು ಬಿಡಬೇಕು. 1989ರ ಕಾನೂನಿನ ಮೂಲಕ ಇಂಥ ಕುಟುಂಬ ಸಭೆಯನ್ನು ಜಾರಿಗೆ ತಂದ ನ್ಯೂಜಿಲೆಂಡ್‌ನಲ್ಲಿ ಈ ಖಾಸಗಿ ಹೊತ್ತಿಗೆ ವಿಶೇಷ ಸ್ಥಾನವಿದೆ. ಆದರೆ ಹೊಡೆಯುವವರ ಹೆದರಿಕೆ ಇಡೀ ಮನೆಯನ್ನು ಆಳುತ್ತಿದ್ದರೆ ಹೊಡೆಯುವವರನ್ನು ಬೇರೆಯಾಗಿಯೇ ಮಾತನಾಡಿಸುವುದು ಕ್ಷೇಮ.

“ಇನ್ನು ಮೇಲೆ ಎಲ್ಲರೂ ನೋಡಿಕೊಳ್ಳುತ್ತೇವೆ” ಎಂಬ ಮಾತನ್ನು ಬರೆದುಕೊಂಡು ಪ್ರಯೋಜನವಿಲ್ಲ. ಅಪ್ಪ ಕುಡಿದು ಬಂದ ರಾತ್ರಿ ಮಗು ಮಲಗುವುದು ಯಾರ ಮನೆಯಲ್ಲಿ, ಕರೆದೊಯ್ಯುವವರು ಯಾರು, ಮಳೆಗಾಲದಲ್ಲಿ ಹಳ್ಳ ತುಂಬಿ ಸಂಕ (ಕಾಲುಸೇತುವೆ) ದಾಟಲಾಗದಿದ್ದರೆ ಬೇರೆ ದಾರಿ ಏನು ಎಂಬಷ್ಟರ ಮಟ್ಟಿಗೆ ವಿವರ ಇರಬೇಕು. ಇದನ್ನು ಮನೆಯವರಿಗೆ ಓದಿ ಹೇಳಿ, ಒಂದು ಪ್ರತಿಯನ್ನು ಅವರಿಗೆ ಕೊಟ್ಟು, ಇನ್ನೊಂದನ್ನು ವರದಿಯೊಂದಿಗೆ ಸಮಿತಿಗೆ ಸಲ್ಲಿಸಬೇಕು. ಅಂತಿಮ ಆದೇಶ ಸಮಿತಿಯದೇ ಎಂಬುದನ್ನು ಮನೆಯವರಿಗೆ ಮೊದಲೇ ತಿಳಿಸಿರಬೇಕು. ಮುಂದಿನ ಭೇಟಿಯ ದಿನವನ್ನು ಅಲ್ಲಿಯೇ ಗೊತ್ತು ಮಾಡಿಕೊಂಡು, ಆ ದಿನ ದೊಡ್ಡವರಿಗಿಂತ ಮೊದಲು ಮಗುವನ್ನು ಒಂಟಿಯಾಗಿ ಮಾತನಾಡಿಸಬೇಕು.