ಪಟ್ಟಿಯಿಂದ ಹೊರಬಿದ್ದ ಫುಟ್‌ಬಾಲ್ ಆಟಗಾರ ಎರಡನೆಯ ಕ್ಲಬ್ ಸೇರುವ ಬಗೆ

ಆಸ್ಟ್ರೇಲಿಯದ ಪತ್ರಿಕೆಗಳಲ್ಲಿ ‘ರೀಸೈಕಲ್ಡ್’ ಆಟಗಾರ ಎಂಬ ಮಾತು ಪದೇ ಪದೇ ಬರುತ್ತದೆ. ಒಂದು ಕ್ಲಬ್ ಕೈಬಿಟ್ಟ ಆಸ್ಟ್ರೇಲಿಯನ್ ಫುಟ್‌ಬಾಲ್ (ಕಾಲಿನ ಜೊತೆ ಕೈಯನ್ನೂ ಬಳಸುವ ಆಟ, ಸಾಕರ್ ಅಲ್ಲ) ಆಟಗಾರನನ್ನು ಇನ್ನೊಂದು ಕ್ಲಬ್ ಕರೆದುಕೊಂಡಾಗ ಅವನಿಗೆ ಅಂಟುವ ಹೆಸರು ಅದು. ಗುಜರಿ ಅಂಗಡಿಯ ವಾಸನೆ ಹೊಡೆಯುವ ಈ ಹೆಸರು ಯಾರಿಗೂ ಹಿತವೆನಿಸದು. ಆದರೆ ಗುಜರಿಯ ವ್ಯವಹಾರದಲ್ಲಿ ಆಟಗಾರನು ಕಲಿಯಬೇಕಾದ ಸಂಗತಿಯೊಂದಿದೆ. ಅಲ್ಲಿಗೆ ಬಂದ ಗಿರಾಕಿ, ಕೈಯಲ್ಲಿ ಹಿಡಿದ ಬಿಡಿಭಾಗ ಹೊಸದಾಗಿದ್ದಾಗ ಎಷ್ಟು ಬೆಲೆ ಬಾಳುತ್ತಿತ್ತೆಂದು ಕೇಳುವುದಿಲ್ಲ, ತನ್ನ ಗಾಡಿಗೆ ಕೂರುತ್ತದೆಯೇ ಎಂದಷ್ಟೇ ನೋಡುತ್ತಾನೆ. ಎರಡನೆಯ ಅವಕಾಶವನ್ನು ಹುಡುಕುವವರು ಕೂಡ ‘ನಾನೆಷ್ಟು ಒಳ್ಳೆಯ ಆಟಗಾರ’ ಎಂಬ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ಯಾವ ಕ್ಲಬ್ಬಿನ ಪಟ್ಟಿಯಲ್ಲಿ ತನ್ನ ಅಳತೆಯ ಖಾಲಿ ಜಾಗವಿದೆ ಎಂಬುದನ್ನು ಕೇಳಿಕೊಳ್ಳಬೇಕು.

ಈ ಆಟದ ಅತ್ಯುನ್ನತ ಲೀಗ್ ಆದ ಎಎಫ್‌ಎಲ್‌ನಲ್ಲಿ ಇಂದು 18 ಕ್ಲಬ್‌ಗಳಿವೆ, ಒಂದೊಂದು ಕ್ಲಬ್ಬಿನ ಪಟ್ಟಿಯಲ್ಲಿ ನಲವತ್ತಕ್ಕೂ ಹೆಚ್ಚು ಆಟಗಾರರಿರುತ್ತಾರೆ, ಮತ್ತು ಪ್ರತಿ ವರ್ಷ ಡ್ರಾಫ್ಟ್ (ಕ್ಲಬ್‌ಗಳು ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ) ಮೂಲಕ ಹೊಸ ಹುಡುಗರು ಒಳಗೆ ಬಂದಂತೆ ಅಷ್ಟೇ ಮಂದಿ ಹೊರಗೆ ಹೋಗಲೇಬೇಕು. ಈ ಬರಹ ಹಾಗೆ ಹೊರಗೆ ಬಂದವನನ್ನು ಉದ್ದೇಶಿಸಿದ್ದು. ಮೆಲ್ಬರ್ನ್‌ನಲ್ಲೋ ಅಡಿಲೇಡಿನಲ್ಲೋ ನೆಲೆಸಿ, ಮಕ್ಕಳನ್ನು ಈ ಆಟಕ್ಕೆ ಕಳುಹಿಸುತ್ತಿರುವ ಕನ್ನಡಿಗ ತಂದೆತಾಯಿಯರೂ ಇದನ್ನು ಓದಿಟ್ಟುಕೊಂಡರೆ ನಷ್ಟವೇನಿಲ್ಲ.

ಮೊದಲ ಕೆಲಸವನ್ನು ಹಳೆಯ ಕ್ಲಬ್ಬಿನ ಕಟ್ಟಡದಿಂದ ಹೊರಡುವ ಮುನ್ನವೇ ಮಾಡಬೇಕು. ಋತುವಿನ ಕೊನೆಯಲ್ಲಿ ಕೋಚ್ ಮತ್ತು ಪಟ್ಟಿಯ ಹೊಣೆ ಹೊತ್ತ ಮ್ಯಾನೇಜರ್ ನಿಮ್ಮನ್ನು ಕೂರಿಸಿ, ಒಪ್ಪಂದ ಮುಂದುವರಿಯುವುದಿಲ್ಲವೆಂದು ಹೇಳುವ ಭೇಟಿ ಹತ್ತು ನಿಮಿಷದಲ್ಲಿ ಮುಗಿದುಹೋಗುತ್ತದೆ. ಆ ಹತ್ತು ನಿಮಿಷದಲ್ಲಿ ಯಾರ ತಲೆಯೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಆದ್ದರಿಂದ ಒಂದು ವಾರ ಬಿಟ್ಟು ಇನ್ನೊಂದು ಭೇಟಿ ಕೇಳಿ. ಆಗ ಸಮಾಧಾನದ ಮಾತು ಬೇಡವೆಂದು ನೇರವಾಗಿ ತಿಳಿಸಿ, ನನ್ನ ಜಾಗದಲ್ಲಿ ಯಾರನ್ನು ಆಡಿಸಲಿದ್ದೀರಿ, ಅವನು ಮಾಡುವ ಯಾವ ಕೆಲಸ ನನ್ನಿಂದ ಆಗಲಿಲ್ಲ, ಬೇರೆ ಕ್ಲಬ್ಬಿನವರು ಫೋನ್ ಮಾಡಿ ನನ್ನ ಬಗ್ಗೆ ಕೇಳಿದರೆ ಏನು ಹೇಳುತ್ತೀರಿ ಎಂದು ವಿಚಾರಿಸಿ. ಮೂರನೆಯ ಪ್ರಶ್ನೆಗೆ ಸಿಗುವ ಉತ್ತರ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಆ ಫೋನ್ ಬಂದೇ ಬರುತ್ತದೆ. ಅದೇ ವಾರದಲ್ಲಿ ನಿಮ್ಮ ಗಾಯಗಳ ವೈದ್ಯಕೀಯ ದಾಖಲೆ, ಸ್ಕ್ಯಾನ್‌ಗಳು, ಓಟದ ಜಿಪಿಎಸ್ ಅಂಕಿಗಳ ಪ್ರತಿಯನ್ನು ಕೇಳಿ ಪಡೆದುಕೊಳ್ಳಿ. ಆಟಗಾರರ ಸಂಘವಾದ ಎಎಫ್‌ಎಲ್ ಪ್ಲೇಯರ್ಸ್ ಅಸೋಸಿಯೇಷನ್ ಪಟ್ಟಿಯಿಂದ ಹೊರಬಿದ್ದವರಿಗೆ ಆಪ್ತಸಮಾಲೋಚನೆ ಮತ್ತು ಓದು-ಉದ್ಯೋಗದ ನೆರವು ನೀಡುತ್ತದೆ. ನಾಚಿಕೆಯಿಂದ ಅದನ್ನು ಬಿಟ್ಟುಕೊಡಬೇಡಿ.

ಇನ್ನು ಬಾಗಿಲುಗಳ ವಿಚಾರ. ಕ್ಲಬ್ ತಾನಾಗಿಯೇ ಕೈಬಿಟ್ಟವನು ‘ಡಿಲಿಸ್ಟೆಡ್ ಫ್ರೀ ಏಜೆಂಟ್’ ಎನಿಸಿಕೊಳ್ಳುತ್ತಾನೆ, ಅಂದರೆ ಡ್ರಾಫ್ಟ್‌ಗೆ ಹೋಗದೆ ತನಗೆ ಬೇಕಾದ, ತನ್ನನ್ನು ಬೇಕೆನ್ನುವ ಕ್ಲಬ್ಬಿನೊಡನೆ ನೇರವಾಗಿ ಸಹಿ ಹಾಕಬಹುದು. ಕ್ಲಬ್‌ಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ಅಕ್ಟೋಬರ್ ತಿಂಗಳ ಟ್ರೇಡ್ ಅವಧಿ ಮುಗಿಯುತ್ತಿದ್ದಂತೆ ಇದಕ್ಕೆ ದಿನಗಳು ನಿಗದಿಯಾಗುತ್ತವೆ. ಅಲ್ಲಿ ಆಗದಿದ್ದರೆ ನವೆಂಬರ್ ತಿಂಗಳ ರಾಷ್ಟ್ರೀಯ ಡ್ರಾಫ್ಟ್ ಇದೆ, ಅದರ ಬೆನ್ನಿಗೇ ಮುಖ್ಯ ಪಟ್ಟಿಯ ಹೊರಗಿನ ‘ರೂಕಿ’ ಎಂಬ ಹೆಚ್ಚುವರಿ ಪಟ್ಟಿಗೆ ಆರಿಸುವ ರೂಕಿ ಡ್ರಾಫ್ಟ್ ಇದೆ. ಅಲ್ಲಿಯೂ ಹೆಸರು ಕೂಗಲಿಲ್ಲವೆಂದರೆ ಋತು ಶುರುವಾಗುವ ತನಕ ತೆರೆದಿರುವ ಪೂರಕ ಆಯ್ಕೆಯ ಅವಧಿ. 2019ರ ಋತುವಿಗಾಗಿ ಮೊದಲು ಜಾರಿಗೆ ಬಂದ ಇದನ್ನು ಎಲ್ಲರೂ ಎಸ್‌ಎಸ್‌ಪಿ ಎಂದೇ ಕರೆಯುತ್ತಾರೆ. ಕೊನೆಯದು ವರ್ಷದ ನಡುವಿನ ಡ್ರಾಫ್ಟ್. ಅದು ಮತ್ತೆ ಶುರುವಾದ 2019ರಲ್ಲೇ ರಿಚ್ಮಂಡ್ ಕ್ಲಬ್ ಸೌತ್ ಫ್ರೀಮ್ಯಾಂಟಲ್‌ನಿಂದ ಮಾರ್ಲಿಯನ್ ಪಿಕೆಟ್‌ನನ್ನು ಕರೆತಂದಿತು, ಮತ್ತು ಅವನು ತನ್ನ ಮೊಟ್ಟಮೊದಲ ಎಎಫ್‌ಎಲ್ ಪಂದ್ಯವನ್ನು ಆ ವರ್ಷದ ಪ್ರಶಸ್ತಿ ನಿರ್ಧರಿಸುವ ಗ್ರ್ಯಾಂಡ್ ಫೈನಲ್‌ನಲ್ಲಿಯೇ ಆಡಿದ. ಡ್ರಾಫ್ಟ್‌ಗಳಿಗೆ ಅರ್ಜಿ ಸಲ್ಲಿಸಲು ಕಡೆಯ ದಿನ ಇರುತ್ತದೆ. ಯಾರೋ ಬಾಯಿಮಾತಿನಲ್ಲಿ ಭರವಸೆ ಕೊಟ್ಟರೆಂದು ಒಂದು ಹಂತದ ಅರ್ಜಿಯನ್ನೂ ತಪ್ಪಿಸಬೇಡಿ.

ಬಾಗಿಲು ಯಾವುದೇ ಆಗಿರಲಿ, ಒಳಗಿನ ಜಾಗ ಯಾವುದೆಂದು ತಿಳಿಯದಿದ್ದರೆ ಪ್ರಯೋಜನವಿಲ್ಲ. 18 ಕ್ಲಬ್‌ಗಳ ಪಟ್ಟಿಗಳನ್ನು ಮುಂದಿಟ್ಟುಕೊಂಡು, ನೀವು ಆಡುವ ಸ್ಥಾನದಲ್ಲಿ ಅವರಲ್ಲಿ ಯಾರಿದ್ದಾರೆ, ಅವರ ವಯಸ್ಸೆಷ್ಟು, ಯಾರು ನಿವೃತ್ತರಾದರು, ಯಾರು ಮೊಣಕಾಲಿನ ಶಸ್ತ್ರಚಿಕಿತ್ಸೆಯಿಂದಾಗಿ ವರ್ಷವಿಡೀ ಆಡಲಾರರು ಎಂಬುದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ನಿಮ್ಮ ಪರವಾಗಿ ಮಾತಾಡುವ ಮ್ಯಾನೇಜರ್ (ಏಜೆಂಟ್) ಈ ಕೆಲಸ ಮಾಡುತ್ತಾನೆಂದು ನಂಬಿ ಕೂರಬೇಡಿ, ಅವನ ಕೈಯಲ್ಲಿ ಇನ್ನೂ ಹತ್ತಾರು ಆಟಗಾರರಿರುತ್ತಾರೆ. ನಿಮ್ಮ ಲೆಕ್ಕದಲ್ಲಿ ಎರಡು ಮೂರು ಕ್ಲಬ್‌ಗಳಷ್ಟೇ ಉಳಿದರೆ ಎದೆಗುಂದಬೇಕಾಗಿಲ್ಲ, ಬೇಕಿರುವುದು ಒಂದೇ.

ಹೀಗೆ ಜಾಗ ಕೂಡಿಬಂದವರ ಕತೆಗಳನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. ಟೈಸನ್ ಸ್ಟೆಂಗಲ್ ರಿಚ್ಮಂಡ್‌ನಲ್ಲಿ ಆರಂಭಿಸಿ ಅಡಿಲೇಡಿಗೆ ಹೋಗಿ, 2021ರ ಋತು ಶುರುವಾಗುವ ಹೊತ್ತಿಗೆ ಮೈದಾನದ ಹೊರಗಿನ ತಪ್ಪುಗಳಿಂದಾಗಿ ಆ ಕ್ಲಬ್ಬನ್ನೂ ಕಳೆದುಕೊಂಡಿದ್ದ. ಆ ವರ್ಷ ದಕ್ಷಿಣ ಆಸ್ಟ್ರೇಲಿಯದ ಎಸ್‌ಎಎನ್‌ಎಫ್‌ಎಲ್ ಲೀಗಿನಲ್ಲಿ ವುಡ್‌ವಿಲ್-ವೆಸ್ಟ್ ಟಾರೆನ್ಸ್ ತಂಡಕ್ಕೆ ಆಡಿದ. ಜೀಲಾಂಗ್‌ನಲ್ಲಿ ಆಗ ಟಾಮ್ ಹಾಕಿನ್ಸ್, ಜೆರೆಮಿ ಕ್ಯಾಮರನ್ ಎಂಬ ಇಬ್ಬರು ದೈತ್ಯ ಫಾರ್ವರ್ಡ್‌ಗಳಿದ್ದರು. ಅವರ ಕಾಲಬುಡದಲ್ಲಿ ಬಿದ್ದ ಚೆಂಡನ್ನು ಕಸಿದು ಗೋಲು ಹೊಡೆಯುವ, ಎದುರಾಳಿ ಡಿಫೆಂಡರ್ ಚೆಂಡು ಹೊರಗೆ ಒಯ್ಯದಂತೆ ಟ್ಯಾಕಲ್ ಮಾಡುವ ಗಿಡ್ಡ ಆಟಗಾರನೊಬ್ಬ ಬೇಕಾಗಿತ್ತು. ಸ್ಟೆಂಗಲ್‌ನನ್ನು ಹತ್ತಿರದಿಂದ ಬಲ್ಲ ಮಾಜಿ ಆಟಗಾರ ಎಡ್ಡಿ ಬೆಟ್ಸ್ ಕೂಡ ಅದೇ ವೇಳೆಗೆ ಜೀಲಾಂಗ್‌ನ ಕೋಚಿಂಗ್ ಬಳಗ ಸೇರಿದ. 2022ರಲ್ಲಿ ಸ್ಟೆಂಗಲ್ 53 ಗೋಲು ಹೊಡೆದು, ವರ್ಷದ ಅತ್ಯುತ್ತಮ ಆಟಗಾರರ ‘ಆಲ್-ಆಸ್ಟ್ರೇಲಿಯನ್’ ತಂಡಕ್ಕೆ ಆಯ್ಕೆಯಾಗಿ, ಗ್ರ್ಯಾಂಡ್ ಫೈನಲ್‌ನಲ್ಲಿ ನಾಲ್ಕು ಗೋಲು ಸೇರಿಸಿ ಪ್ರೀಮಿಯರ್‌ಶಿಪ್ (ಲೀಗಿನ ಚಾಂಪಿಯನ್ ಪಟ್ಟ) ಪದಕ ಧರಿಸಿದ. ಹಳೆಯ ಕ್ಲಬ್‌ಗಳಲ್ಲಿದ್ದಾಗಲೂ ಅವನ ಕೈಕಾಲಿನಲ್ಲಿ ಇದೇ ಚಾತುರ್ಯವಿತ್ತು. ಹೊಸದಾಗಿ ಸಿಕ್ಕಿದ್ದು ಸ್ಪಷ್ಟವಾದ ಒಂದು ಕೆಲಸ ಮತ್ತು ಪಕ್ಕದಲ್ಲಿ ಒಬ್ಬ ನಂಬಿಗಸ್ತ.

ಜೋಯಲ್ ಹ್ಯಾಮ್ಲಿಂಗ್‌ನದು ಬೇರೆ ಬಗೆ. ಜೀಲಾಂಗ್ ಅವನನ್ನು ಒಂದೇ ಒಂದು ಎಎಫ್‌ಎಲ್ ಪಂದ್ಯ ಆಡಿಸದೆ ಬಿಟ್ಟಿತು. ಎತ್ತರದ ಡಿಫೆಂಡರ್‌ಗಾಗಿ ಹುಡುಕುತ್ತಿದ್ದ ವೆಸ್ಟರ್ನ್ ಬುಲ್‌ಡಾಗ್ಸ್ ಕರೆದುಕೊಂಡಿತು, ಮತ್ತು 1954ರ ಬಳಿಕ ಆ ಕ್ಲಬ್ ಮೊದಲ ಬಾರಿಗೆ ಗೆದ್ದ 2016ರ ಪ್ರೀಮಿಯರ್‌ಶಿಪ್‌ನಲ್ಲಿ ಅವನು ಆಡಿದ. ಓಲೆಗ್ ಮಾರ್ಕೊವ್ ರಿಚ್ಮಂಡ್, ಗೋಲ್ಡ್ ಕೋಸ್ಟ್ ಎರಡನ್ನೂ ದಾಟಿ ಬಂದವನು. 2023ರ ಆರಂಭದಲ್ಲಿ ಎಸ್‌ಎಸ್‌ಪಿ ಮೂಲಕ ಕಾಲಿಂಗ್‌ವುಡ್ ಸೇರಿ, ಹಿಂಭಾಗದಿಂದ ಚೆಂಡನ್ನು ಹೊತ್ತು ಓಡುವ ಕೆಲಸ ಹಿಡಿದು, ಅದೇ ಸೆಪ್ಟೆಂಬರ್‌ನಲ್ಲಿ ಬ್ರಿಸ್ಬೇನ್ ವಿರುದ್ಧ ನಾಲ್ಕು ಅಂಕದಿಂದ ಗೆದ್ದ ತಂಡದಲ್ಲಿದ್ದ. ಸಿಡ್ನಿ ಕ್ಲಬ್ಬಂತೂ ಪಾಲ್ ರೂಸ್ ಕೋಚ್ ಆಗಿದ್ದ ಕಾಲದಲ್ಲಿ ಇದನ್ನೊಂದು ಪದ್ಧತಿಯನ್ನಾಗಿಯೇ ಮಾಡಿಕೊಂಡಿತ್ತು: ಎಸ್ಸೆಂಡನ್‌ನಿಂದ ಟೆಡ್ ರಿಚರ್ಡ್ಸ್, ಕಾಲಿಂಗ್‌ವುಡ್‌ನಿಂದ ರೈಸ್ ಶಾ, ಅಡಿಲೇಡಿನಿಂದ ಮಾರ್ಟಿ ಮ್ಯಾಟ್ನರ್, ಹಾಥಾರ್ನ್‌ನಿಂದ ಜಾಷ್ ಕೆನಡಿ. ಇವರೆಲ್ಲರೂ 2012ರ ಪ್ರೀಮಿಯರ್‌ಶಿಪ್ ತಂಡದಲ್ಲಿದ್ದರು. ಇವರಲ್ಲಿ ಕೆನಡಿಯ ಅಜ್ಜನೂ ಅಪ್ಪನೂ ಹಾಥಾರ್ನ್‌ನ ದೊಡ್ಡ ಹೆಸರುಗಳು. ಆದರೂ ಅಲ್ಲಿನ ಮಿಡ್‌ಫೀಲ್ಡ್‌ನಲ್ಲಿ ಜಾಗ ಖಾಲಿ ಇರಲಿಲ್ಲ. ಮನೆತನದ ಋಣ ಬಿಟ್ಟು ಹೊರಟವನು ಮುಂದೆ ಸಿಡ್ನಿಯ ನಾಯಕನಾದ.

ಎರಡನೆಯ ಕ್ಲಬ್ ಕೂಡಲೇ ಸಿಗಲಿಲ್ಲವೆಂದರೆ ರಾಜ್ಯ ಲೀಗಿನಲ್ಲಿ ಒಂದು ವರ್ಷ ಆಡಬೇಕಾಗುತ್ತದೆ: ವಿಕ್ಟೋರಿಯದಲ್ಲಿ ವಿಎಫ್‌ಎಲ್, ಅಡಿಲೇಡಿನಲ್ಲಿ ಎಸ್‌ಎಎನ್‌ಎಫ್‌ಎಲ್, ಪರ್ತ್‌ನಲ್ಲಿ ಡಬ್ಲ್ಯುಎಎಫ್‌ಎಲ್. ವಿಎಫ್‌ಎಲ್‌ನಲ್ಲಿ ಎಎಫ್‌ಎಲ್ ಕ್ಲಬ್ಬಿನ ಎರಡನೆಯ ತಂಡ ಸೇರುವುದೋ, ವಿಲಿಯಮ್ಸ್‌ಟೌನ್ ಅಥವಾ ವೆರಿಬಿಯಂಥ ಸ್ವತಂತ್ರ ಕ್ಲಬ್ ಸೇರುವುದೋ ಎಂಬ ಆಯ್ಕೆ ಎದುರಾಗುತ್ತದೆ. ಮೊದಲನೆಯದರಲ್ಲಿ ದೊಡ್ಡ ಕೋಚ್‌ಗಳ ಕಣ್ಣು ನಿಮ್ಮ ಮೇಲಿರುತ್ತದೆ, ಆದರೆ ಒಳ್ಳೆಯ ಸ್ಥಾನಗಳು ಪಟ್ಟಿಯಲ್ಲಿರುವ ಹುಡುಗರಿಗೆ ಮೀಸಲಾಗಿ, ನಿಮ್ಮನ್ನು ಎಲ್ಲಿ ಜಾಗ ಉಳಿಯಿತೋ ಅಲ್ಲಿ ನಿಲ್ಲಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಿಮ್ಮದೇ ಸ್ಥಾನದಲ್ಲಿ ವಾರ ವಾರ ಆಡಿಸುವ ಸ್ವತಂತ್ರ ಕ್ಲಬ್ ಮೇಲು. ಇದಕ್ಕೆ ಅಪವಾದವೂ ಉಂಟು. ಎಸ್ಸೆಂಡನ್ ಮತ್ತು ಕಾಲಿಂಗ್‌ವುಡ್ ರೂಕಿ ಪಟ್ಟಿಗಳಲ್ಲಿದ್ದೂ ಒಂದು ಪಂದ್ಯವಾಡದೆ ಹೊರಬಿದ್ದ ಜೇಮ್ಸ್ ಪಾಡ್ಸಿಯಾಡ್ಲಿ, ಜೀಲಾಂಗ್‌ನಲ್ಲಿ ಫಿಟ್‌ನೆಸ್ ಸಿಬ್ಬಂದಿಯಾಗಿ ಕೆಲಸ ಮಾಡುತ್ತ ಅದರ ವಿಎಫ್‌ಎಲ್ ತಂಡಕ್ಕೆ ಆಡುತ್ತಿದ್ದ. ಕಣ್ಣೆದುರಿಗೇ ಓಡಾಡುತ್ತಿದ್ದ ಅವನನ್ನು ಕ್ಲಬ್ 2010ರಲ್ಲಿ, 28ನೆಯ ವಯಸ್ಸಿನಲ್ಲಿ, ಕಣಕ್ಕಿಳಿಸಿತು. 2011ರ ಗ್ರ್ಯಾಂಡ್ ಫೈನಲ್‌ನಲ್ಲಿ ಭುಜ ಕಳಚಿ ಅರ್ಧಕ್ಕೇ ಹೊರಬಂದರೂ ಗೆದ್ದ ತಂಡದ ಪದಕ ಅವನ ಕೊರಳಿಗೆ ಬಿತ್ತು. ರಾಜ್ಯ ಲೀಗಿನ ಸಂಬಳದಲ್ಲಿ ಸಂಸಾರ ನಡೆಯುವುದು ಕಷ್ಟವಾದ್ದರಿಂದ ಹಗಲು ಕೆಲಸವೊಂದನ್ನು ಹಿಡಿಯಲೇಬೇಕು. ಅದು ಆಟಕ್ಕೆ ಅಡ್ಡಿಯೆಂದು ಕೊರಗುವವರಿಗಿಂತ, ಬೆಳಗ್ಗೆ ಎದ್ದು ದುಡಿದು ಸಂಜೆ ಅಭ್ಯಾಸಕ್ಕೆ ಬರುವವರನ್ನು ಆಯ್ಕೆಗಾರರು ಹೆಚ್ಚು ನಂಬುತ್ತಾರೆ.

ವಿಡಿಯೊ ಕಳುಹಿಸುವಾಗ ಹೆಚ್ಚಿನವರು ಒಂದೇ ತಪ್ಪು ಮಾಡುತ್ತಾರೆ: ಹಾರಿ ಹಿಡಿದ ಮಾರ್ಕ್‌ಗಳನ್ನೂ (ಕ್ಯಾಚ್‌ಗಳನ್ನೂ) ದೂರದ ಗೋಲುಗಳನ್ನೂ ಸಂಗೀತದ ಜೊತೆ ಪೋಣಿಸುತ್ತಾರೆ. ಆಯ್ಕೆಗಾರ ಅದನ್ನು ಈಗಾಗಲೇ ನೋಡಿರುತ್ತಾನೆ. ಅವನ ಅನುಮಾನ ಇರುವುದು ಬೇರೆ ಕಡೆ. ಹಳೆಯ ಕ್ಲಬ್ ನಿಮ್ಮನ್ನು ‘ಚೆಂಡಿಲ್ಲದಾಗ ಓಡುವುದಿಲ್ಲ’ ಎಂದು ಬಿಟ್ಟಿದ್ದರೆ, ಚೆಂಡಿಲ್ಲದಾಗ ನೀವು ಓಡುತ್ತಿರುವ ಎರಡು ಇಡೀ ಕ್ವಾರ್ಟರ್‌ಗಳನ್ನು (ಪಂದ್ಯದ ಕಾಲುಭಾಗಗಳನ್ನು) ಕತ್ತರಿಸದೆ ಕಳುಹಿಸಿ. ಮ್ಯಾನೇಜರ್ ಆಟಗಾರರ ಸಂಘದ ಮಾನ್ಯತೆ ಪಡೆದವನಾಗಿರಬೇಕು. ಗಾಯದ ವಿಷಯದಲ್ಲಿ ಏನನ್ನೂ ಮುಚ್ಚಿಡಬೇಡಿ: ಹೊಸ ಕ್ಲಬ್ಬಿನ ವೈದ್ಯರು ಸ್ಕ್ಯಾನ್‌ನಲ್ಲಿ ತಾವಾಗಿಯೇ ಕಂಡುಹಿಡಿದ ಹಳೆಯ ಗಾಯ, ನೀವೇ ಹೇಳಿದ ಗಾಯಕ್ಕಿಂತ ಯಾವಾಗಲೂ ದೊಡ್ಡದಾಗಿ ಕಾಣುತ್ತದೆ.

ಎಸ್‌ಎಸ್‌ಪಿ ಅವಧಿಯಲ್ಲಿ ಕ್ಲಬ್‌ಗಳು ಒಪ್ಪಂದವಿಲ್ಲದ ಆಟಗಾರರನ್ನು ಕೆಲವು ವಾರ ತಮ್ಮೊಡನೆ ಅಭ್ಯಾಸಕ್ಕೆ ಕರೆಯುತ್ತವೆ. ಒಂದು ಖಾಲಿ ಜಾಗಕ್ಕೆ ಹಲವರು ಬಂದಿರುವುದುಂಟು, ಊಟದ ಕೋಣೆಯಲ್ಲಿ ಪಕ್ಕದಲ್ಲೇ ಕೂತವನು ನಿಮ್ಮ ಸ್ಪರ್ಧಿಯಾಗಿರುತ್ತಾನೆ. ಇಲ್ಲಿ ಮೊದಲು ಬೇಕಾದದ್ದು ಶ್ವಾಸಕೋಶ. ಎರಡು ಕಿಲೋಮೀಟರ್ ಓಟದ ಪರೀಕ್ಷೆ ಬಂದ ಹೊಸದರಲ್ಲೇ ಎದುರಾಗಬಹುದು. ಆರೂವರೆ ನಿಮಿಷದೊಳಗೆ ಮುಗಿಸುವಂತೆ ಮೊದಲೇ ತಯಾರಾಗಿ ಹೋಗಿ, ಏಕೆಂದರೆ ಕಾಯಂ ಆಟಗಾರ ಹೊಟ್ಟೆ ಇಳಿಸಲು ಡಿಸೆಂಬರ್ ತನಕ ಸಮಯ ಪಡೆಯಬಹುದು, ನಿಮಗೆ ಆ ಸವಲತ್ತಿಲ್ಲ. ಎರಡನೆಯದು ಬಾಯಿ. ಹಳೆಯ ಕ್ಲಬ್ಬಿನ ದೂರುಗಳನ್ನು ಹೇಳಬೇಡಿ, ಅದೇ ಹೊತ್ತಿಗೆ ಮೈದಾನದಲ್ಲಿ ಮೌನವಾಗಿಯೂ ಇರಬೇಡಿ. ಜೊತೆಗಾರರ ಹೆಸರುಗಳನ್ನು ಮೊದಲ ದಿನವೇ ಕಲಿತು, ಹೆಸರು ಹಿಡಿದು ಕೂಗಿ ಸ್ಥಾನ ತೋರಿಸುವ ಹೊಸಬನನ್ನು ಕೋಚ್‌ಗಳು ಗುರುತಿಟ್ಟುಕೊಳ್ಳುತ್ತಾರೆ. ಮೂರನೆಯದು ಆಸೆಬುರುಕತನಕ್ಕೆ ಕಡಿವಾಣ. ಅಭ್ಯಾಸ ಪಂದ್ಯದಲ್ಲಿ ಎಲ್ಲವನ್ನೂ ತೋರಿಸಹೋಗಿ ತನ್ನ ಸ್ಥಾನ ಬಿಟ್ಟು ಚೆಂಡಿನ ಹಿಂದೆ ಓಡುವವರು ಬಹಳ ಮಂದಿ. ಕೋಚ್ ನಿಮ್ಮನ್ನು ಬಲ ಮೂಲೆಯ ಡಿಫೆಂಡರ್ ಎಂದು ಕರೆದಿದ್ದರೆ, ಇಡೀ ದಿನ ನಿಮ್ಮ ಎದುರಾಳಿಗೆ ಚೆಂಡು ಮುಟ್ಟಲು ಬಿಡದಿರುವುದೇ ನಿಮ್ಮ ಪರೀಕ್ಷೆ.

ಸಹಿ ಹಾಕುವ ದಿನ ಬಂದಾಗ ಒಪ್ಪಂದ ಸಾಮಾನ್ಯವಾಗಿ ಒಂದು ವರ್ಷದ್ದಾಗಿರುತ್ತದೆ, ಅದೂ ರೂಕಿ ಪಟ್ಟಿಯಲ್ಲಿ. ವರ್ಷದ ನಡುವಿನ ಡ್ರಾಫ್ಟ್‌ನಲ್ಲಾದರೆ ಆರು ತಿಂಗಳೋ ಹದಿನೆಂಟು ತಿಂಗಳೋ ಎಂಬ ಆಯ್ಕೆಯನ್ನು ಆಟಗಾರನೇ ಮುಂಚಿತವಾಗಿ ತಿಳಿಸಬೇಕಾಗುತ್ತದೆ. ಹದಿನೆಂಟು ತಿಂಗಳು ಕೇಳಿದರೆ ಭದ್ರತೆ ಹೆಚ್ಚು, ಆದರೆ ಒಂದು ಗಾಯಕ್ಕೆ ತೇಪೆ ಹಾಕಲು ಮಾತ್ರ ಆಟಗಾರನನ್ನು ಹುಡುಕುತ್ತಿರುವ ಕ್ಲಬ್ ಹಿಂದೆ ಸರಿಯಬಹುದು. ಈಗಾಗಲೇ ಒಮ್ಮೆ ಹೊರಬಿದ್ದವನಿಗೆ ಆರು ತಿಂಗಳೇ ವಾಸಿ ಎನ್ನುವುದು ನನ್ನ ಎಣಿಕೆ. ಹೆಂಡತಿ ಮಕ್ಕಳನ್ನು ಬೇರೆ ರಾಜ್ಯಕ್ಕೆ ಕರೆದೊಯ್ಯಬೇಕಾದವನ ಲೆಕ್ಕ ಬೇರೆಯಿದ್ದೀತು.

ಹೊಸ ಊರಿಗೆ ಹೋದ ಮೇಲೆ ಮನೆಯನ್ನು ಕ್ಲಬ್ಬಿನ ಹತ್ತಿರ ಹಿಡಿಯಿರಿ, ಮೊದಲ ತಿಂಗಳುಗಳಲ್ಲಿ ಇನ್ನೊಬ್ಬ ಆಟಗಾರನ ಮನೆಯ ಕೋಣೆ ಸಿಕ್ಕರೆ ಇನ್ನೂ ಒಳ್ಳೆಯದು. ಹಳೆಯ ಕ್ಲಬ್ಬಿನ ವಿರುದ್ಧ ಆಡುವ ಪಂದ್ಯದ ದಿನಾಂಕವನ್ನು ಗೋಡೆಗೆ ಅಂಟಿಸಿಕೊಳ್ಳಬೇಡಿ, ಆ ದಿನ ಕೋಚ್ ನಿಮ್ಮನ್ನು ತಂಡದಿಂದ ಹೊರಗಿಟ್ಟರೆ ಅನುಭವಿಸುವ ನೋವು ದುಪ್ಪಟ್ಟು. ಜುಲೈ ಹೊತ್ತಿಗೆ ಮುಂದಿನ ವರ್ಷದ ಒಪ್ಪಂದದ ಬಗ್ಗೆ ಮ್ಯಾನೇಜರ್ ಮೂಲಕ ಕೇಳಿಸಿ. ‘ಋತು ಮುಗಿಯಲಿ, ನೋಡೋಣ’ ಎಂಬ ಉತ್ತರ ಬಂದರೆ ನೋಟ್‌ಬುಕ್ ತೆಗೆದು 18 ಕ್ಲಬ್‌ಗಳ ಲೆಕ್ಕವನ್ನು ಮತ್ತೆ ಶುರುಮಾಡಿ, ಮನೆಯ ಬಾಡಿಗೆ ಕರಾರನ್ನು ಅಕ್ಟೋಬರ್ ಆಚೆಗೆ ಮುಂದುವರಿಸದೆ ತಡೆಹಿಡಿಯಿರಿ.